ಕಣದ ತಿರುವು

ಅವನನ್ನು ಮೊದಲ ಸಲ ನೋಡಿದಾಗ ನಾನು ನಡುರಸ್ತೆಯಲ್ಲಿ ಮೊಣಕಾಲೂರಿ ಕೂತಿದ್ದೆ. ಕೈಯಲ್ಲಿ ಸೀಮೆಸುಣ್ಣ, ಪಕ್ಕದಲ್ಲಿ ದಾರಿ ಅಳೆಯುವ ಒಂಟಿ ಗಾಲಿ, ತೊಡೆಯ ಮೇಲೆ ನೋಟ್‌ಬುಕ್. ಗುಡ್ಡದ ಮೇಲಿಂದ ಸುಯ್ ಅಂತ ಸದ್ದು ಬಂತು. ಹದ್ದು ಎರಗಿತೇನೋ ಅಂದುಕೊಂಡೆ. ತಲೆ ಎತ್ತುವಷ್ಟರಲ್ಲಿ ನೀಲಿ ಬಣ್ಣದ್ದೇನೋ ನನ್ನ ಪಕ್ಕದಲ್ಲೇ ಹಾದು, ನೋಟ್‌ಬುಕ್ಕಿನ ಹಾಳೆಗಳನ್ನೆಲ್ಲ ಹಾರಿಸಿ, ಹುಣಸೆಮರದ ಕೆಳಗೆ ಕಿರ್ರನೆ ನಿಂತಿತು.

ಸೈಕಲ್ಲು. ಅದರ ಮೇಲೊಬ್ಬ ಹುಡುಗ.

ಅವನು ಇಳಿದು ಬಂದು, ಹೊಲದ ಬದುವಿನವರೆಗೂ ಓಡಾಡಿ ನನ್ನ ಹಾಳೆಗಳನ್ನು ಆರಿಸಿದ. ಆಮೇಲೆ ಗಾಲಿಯನ್ನೂ ಸೀಮೆಸುಣ್ಣದ ಗೀಟನ್ನೂ ನೋಡಿ ಮುಖ ಸಣ್ಣಗೆ ಮಾಡಿಕೊಂಡ.

"ರೋಡ್ ಅಗಲ ಮಾಡ್ತಾರೇನ್ರಿ ಮೇಡಂ? ಹಂಗಾದ್ರ ಈ ಹುಣಸಿಮರ ಹೋಗತೈತಿ."

ಮರಕ್ಕೆ ಏನೂ ಆಗಲ್ಲ ಅನ್ನಬಹುದಿತ್ತು. ಆದರೆ ನನಗೆ ಸಿಟ್ಟು ಬಂದಿತ್ತು. "ನೀವು ಹಿಂಗೆ ಬಂದ್ರೆ ಮರ ಉಳಿತೈತಿ, ನೀವು ಉಳಿಯಲ್ಲ" ಅಂದೆ.

ಅವನು ನಕ್ಕ. ಬಿಸಿಲಿಗೆ ಕಂದಿದ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ. ಆದರೆ ಹಾಳೆಗಳನ್ನು ನನ್ನ ಕೈಗೆ ಕೊಡುವಾಗ ನೋಡಿದೆ, ಅವನ ಬೆರಳು ನಡುಗುತ್ತಿದ್ದವು. ಅಷ್ಟು ಜೋರಾಗಿ ಇಳಿದು ಬಂದವನ ಬೆರಳು ಹಾಗೆ ನಡುಗಬಾರದಿತ್ತು. ಆ ನಡುಕ ಯಾಕೋ ನನ್ನ ಕೈಗೂ ದಾಟಿತು. ಅವತ್ತಿಂದ ಅದು ಹೋಗಲೇ ಇಲ್ಲ.

ಅವನ ಹೆಸರು ಹಂಪೇಶ್. ಕೂಡ್ಲಿಗಿ ಕಡೆಯವನು. ಮನೆಯವರು ಕುರಿ ಸಾಕುತ್ತಾರೆ, ಇವನು ಸೈಕಲ್ ತುಳಿಯುತ್ತಾನೆ. ಅದೇ ಅವನ ನೌಕರಿ. ಗಂಗಾಧರ್ ಸರ್ ಅನ್ನುವವರ ನೀಲಿ ಅಂಗಿಯ ತಂಡದಲ್ಲಿದ್ದ. ನಾನು ಅರ್ಚನಾ, ಹರಪನಹಳ್ಳಿಯವಳು, ಸಿವಿಲ್ ಡಿಪ್ಲೊಮಾ ಮುಗಿಸಿದವಳು. ಡಿಸೆಂಬರಿನಲ್ಲಿ ನಡೆಯಲಿದ್ದ ಐದು ತಾಲೂಕಿನ ಸೈಕಲ್ ರೇಸಿಗೆ ದಾರಿ ಪುಸ್ತಕ ಬರೆಯುವ ಕೆಲಸ ನನ್ನದು. ನಾಲ್ಕು ದಿನ, ದಿನಕ್ಕೊಂದು ಓಟ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಹಂಪು, ಎಲ್ಲಿ ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ, ಎಲ್ಲವನ್ನೂ ನಾನು ಬರೆಯಬೇಕು. ನಾಲ್ಕೂ ದಿನದ ಸಮಯ ಕೂಡಿಸಿದಾಗ ಯಾರದು ಎಲ್ಲಕ್ಕಿಂತ ಕಡಿಮೆಯೋ ಅವನು ಗೆದ್ದ. ಹಾಗೆ ಮುಂದಿರುವವನಿಗೆ ಹಳದಿ ಅಂಗಿ.

ನಾವು ಸಿಕ್ಕ ಆ ತಿರುವು ಕೊನೆಯ ದಿನದ ದಾರಿಯಲ್ಲಿ ಬರುತ್ತದೆ. ತೆಲಿಗಿಯ ಆಚೆ, ಕರೆಂಟು ತೆಗೆಯುವ ಗಾಳಿಫ್ಯಾನಿನ ಗುಡ್ಡ ಇಳಿದು ಬರುವಾಗ ಏಳನೆಯದು. ಅಲ್ಲೇ ಪಕ್ಕದಲ್ಲಿ ನನ್ನ ಅಜ್ಜಿಯ ಊರು. ಮೂವತ್ತು ಮನೆ ಇದ್ದಾವು. ಸುಗ್ಗಿ ಬಂತೆಂದರೆ ಊರಿನವರು ಆ ತಿರುವಿನಲ್ಲೇ ಮೆಕ್ಕೆಜೋಳ ಹರವುತ್ತಾರೆ. ಡಾಂಬರಿನ ಕಾವಿಗೆ ಕಾಳು ಬೇಗ ಒಣಗುತ್ತವೆ. ಅದಕ್ಕೇ ನಾನು ಪುಸ್ತಕದಲ್ಲಿ ಅದಕ್ಕೆ ಕಣದ ತಿರುವು ಅಂತಲೇ ಹೆಸರಿಟ್ಟೆ.

ಅಜ್ಜಿ ತಿಪ್ಪೇರುದ್ರಮ್ಮ ಮಾತ್ರ ಅದಕ್ಕೆ ಬೇರೆ ಕಥೆ ಹೇಳುತ್ತಿದ್ದಳು. ಗಾಳಿಗೆ ಒಬ್ಬಳು ತಂಗಿಯಂತೆ. ಅಣ್ಣ ಗುಡ್ಡದ ಮೇಲೆ ಓಡಾಡುವಾಗ ಅವಳು ತಿರುವಿನಲ್ಲಿ ಕೂತು ತಲೆ ಬಾಚಿಕೊಳ್ಳುತ್ತಾಳಂತೆ. ಇಳಿದು ಬರುವವರು ಅವಳನ್ನು ನೋಡಿದರೆ ಮುಗಿಯಿತು, ಮನೆಗೆ ಹೋಗುವುದಿಲ್ಲ. ಊರಿನ ಒಬ್ಬಳ ಗಂಡ ದಿನಾ ಅದೇ ದಾರಿಯಲ್ಲಿ ಬರಬೇಕು. ಆ ಹೆಂಡತಿ ಏನು ಮಾಡಿದಳು ಅನ್ನುವುದು ನನಗೆ ಗೊತ್ತಿಲ್ಲ. ಚಿಕ್ಕವಳಿದ್ದಾಗ, ಕಥೆ ಅಲ್ಲಿಗೆ ಬಂದೊಡನೆ ನಾನು ಪ್ರತಿ ಸಲ ಕಂಬಳಿ ಮುಖದ ಮೇಲೆ ಎಳೆದುಕೊಂಡು ನಿದ್ದೆ ಬಂದವಳಂತೆ ಮಲಗಿಬಿಡುತ್ತಿದ್ದೆ. ಕೊನೆ ಕೇಳಲು ಅಷ್ಟು ಹೆದರಿಕೆ.

*

ಆಮೇಲೆ ಎರಡು ತಿಂಗಳು ಅವನು ವಾರಕ್ಕೆ ಮೂರು ಸಲವಾದರೂ ಆ ಗುಡ್ಡ ಹತ್ತಿ ಇಳಿದ. ನಾನು ಎರಡು ದಿನದಲ್ಲಿ ಮುಗಿಯುವ ಅಳತೆಯನ್ನು ಆ ಎರಡು ತಿಂಗಳಿಗೂ ಎಳೆದೆ. ಹುಣಸೆಮರದ ಕೆಳಗೆ ಅವನು ನೀರು ಕುಡಿಯಲು ನಿಲ್ಲುತ್ತಿದ್ದ. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ, ಬರೆಯಲು ಏನೂ ಇಲ್ಲದಿದ್ದರೂ. ಅವನು ನೋಡುತ್ತಿದ್ದಾನೆ ಅನ್ನುವುದು ನನಗೆ ಕಿವಿಯ ಹಿಂದೆ ಗೊತ್ತಾಗುತ್ತಿತ್ತು, ಅಲ್ಲಿ ಬಿಸಿಲು ಬಿದ್ದ ಹಾಗೆ. ನಾನು ಕಣ್ಣೆತ್ತಿದೊಡನೆ ಅವನು ಬಾಟಲಿಯ ಮುಚ್ಚಳ ನೋಡುತ್ತಿದ್ದ. ಅವನು ಮುಚ್ಚಳ ಬಿಟ್ಟು ನನ್ನನ್ನು ನೋಡಿದರೆ ನಾನು ನೆಲ ನೋಡುತ್ತಿದ್ದೆ.

ಒಂದಿನ ಅವನು ನನಗೆ ಇಳಿಯುವುದನ್ನು ಹೇಳಿಕೊಟ್ಟ, ಬಾಯಲ್ಲೇ.

"ತಿರುವಿನಾಗ ಕಣ್ಣು ಎಲ್ಲಿ ಹೋಗತಾವೋ ಸೈಕಲ್ ಅಲ್ಲಿಗೇ ಹೋಗತೈತ್ರಿ. ಗುಂಡಿ ನೋಡಿದ್ರ ಗುಂಡಿಗೇ ಬೀಳ್ತೀವಿ. ಹೋಗೋ ದಾರಿ ನೋಡಬೇಕು."

ನಾನು ನೆಲ ನೋಡುತ್ತಾ ಹೌದಾ ಅಂದೆ. "ನೀವು ಸೈಕಲ್ ಹತ್ತಿದ್ರ ಸೀದಾ ನೆಲಕ್ಕೇ ಬಿಡ್ರಿ" ಅಂದ. ನಗು ಬಂತು. ಆದರೂ ಕಣ್ಣು ಎತ್ತಲಾಗಲಿಲ್ಲ.

ಆ ನಡುಕ ಏನು ಅಂತ ಹೇಳಿದ್ದೂ ಅದೇ ಮರದ ಕೆಳಗೆ. ಹೋದ ವರ್ಷ ಬೇರೆ ರಾಜ್ಯದ ರೇಸಿನಲ್ಲಿ ಇಳಿಜಾರಿನ ತಿರುವಿನಲ್ಲಿ ಜಲ್ಲಿಕಲ್ಲು ಇದ್ದವಂತೆ. ಸೊಂಟದ ಮೂಳೆ ಮುರಿಯಿತು. ಈಗ ಒಳಗೆ ಕಬ್ಬಿಣದ ಸರಳು ಇದೆ. ಇನ್ನೊಂದು ಸಲ ಅದೇ ಜಾಗಕ್ಕೆ ಬಿದ್ದರೆ ಸೈಕಲ್ ಇರಲಿ, ನಡೆಯುವುದೂ ಕಷ್ಟ ಅಂದಿದ್ದರು ಡಾಕ್ಟರು. ಅದಾದ ಮೇಲೆ ಪ್ರತಿ ತಿರುವಿನಲ್ಲೂ ಬೆರಳು ತಾವಾಗೇ ಬ್ರೇಕಿಗೆ ಹೋಗುತ್ತವೆ. ಮನಸ್ಸು ಬೇಡ ಅಂದರೂ ಹೋಗುತ್ತವೆ. ತಂಡದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತೆಗೆದುಹಾಕುತ್ತಾರೆ.

ಅವನ ಕೆಲಸ ಗೆಲ್ಲುವುದಲ್ಲ. ತಂಡದ ಮುಖ್ಯ ಸವಾರ ಗುರುಬಸವರಾಜ. ಹಂಪೇಶ್ ಅವನ ಮುಂದೆ ತುಳಿದು ಗಾಳಿ ತಡೆಯಬೇಕು. ಹಿಂದಿರುವವನಿಗೆ ದಣಿವು ಕಡಿಮೆ, ಕೊನೆಗೆ ಮುನ್ನುಗ್ಗಲು ಕಾಲಲ್ಲಿ ಕಸುವು ಉಳಿದಿರುತ್ತದೆ. ಬೇರೆಯವನಿಗೆ ಗಾಳಿಮರೆ ಆಗುವುದು ಬೇಸರ ಅಲ್ಲವಾ ಅಂತ ಕೇಳಿದ್ದೆ. ಕುರಿ ಮುಂದೆ ನಡೆಯೋನಿಗೆ ಬೇಸರ ಏನ್ರಿ ಅಂದಿದ್ದ.

ಅವನ ಸೊಂಟದೊಳಗಿನ ಆ ಸರಳು ಅಂದಿನಿಂದ ನನ್ನ ಕನಸಿಗೆ ಬರತೊಡಗಿತು. ಒಮ್ಮೊಮ್ಮೆ ಅದು ಬಾಚಣಿಗೆ ಆಗಿರುತ್ತಿತ್ತು, ತಿರುವಿನಲ್ಲಿ ಕೂತವಳ ಕೈಯಲ್ಲಿ.

*

ರೇಸು ಶುರುವಾಯಿತು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಮೊದಲ ದಿನ. ಬರೀ ಏರಿಳಿತದ ದಾರಿ, ಯಾರೂ ಯಾರನ್ನೂ ಬಿಟ್ಟು ಹೋಗಲಾಗದ ದಾರಿ. ದೊಡ್ಡ ಗುಂಪು ಒಟ್ಟಿಗೇ ಬಂದು ಮುಟ್ಟಿತು. ಎರಡನೇ ದಿನ ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ. ಅಲ್ಲಿ ಯಾರಿಗೂ ಯಾರೂ ಗಾಳಿಮರೆ ಇಲ್ಲ. ಗುರುಬಸವರಾಜ ಇಪ್ಪತ್ತು ಸೆಕೆಂಡ್ ಕಳೆದುಕೊಂಡ. ಹಳದಿ ಅಂಗಿ ಬೇರೆ ತಂಡದವನ ಮೈಮೇಲೆ ಹೋಯಿತು.

ಮೂರನೇ ದಿನ ಹಡಗಲಿ ಕಡೆಗೆ. ಎರೆ ಹೊಲದ ಬಯಲು, ಮರವಿಲ್ಲ, ಮರೆಯಿಲ್ಲ. ಅಡ್ಡಗಾಳಿ ಬರುತ್ತದೆ ಅಂತ ನಾನು ಪುಸ್ತಕದಲ್ಲಿ ಕಿಲೋಮೀಟರ್ ಸಮೇತ ಬರೆದಿದ್ದೆ. ಗಂಗಾಧರ್ ಸರ್ ಅದನ್ನು ಓದಿದ್ದರು. ಸರಿಯಾಗಿ ಆ ಕಿಲೋಮೀಟರಿಗೆ ಅವರ ಹುಡುಗರು ರಸ್ತೆಯ ಅಡ್ಡಕ್ಕೆ ಓರೆಯಾಗಿ, ಹಕ್ಕಿಸಾಲಿನಂತೆ ನಿಂತು ಜೋರು ಮಾಡಿದರು. ಸಾಲಿನೊಳಗೆ ಜಾಗ ಸಿಕ್ಕವರು ಉಳಿದರು, ಸಿಗದವರು ಗಾಳಿಗೆ ಸಿಕ್ಕಿ ಹಿಂದೆ ಬಿದ್ದರು. ಹಳದಿ ಅಂಗಿಯವನು ಹನ್ನೊಂದು ಸೆಕೆಂಡ್ ಬಿಟ್ಟುಕೊಟ್ಟ. ಉಳಿದದ್ದು ಒಂಬತ್ತು.

ಅವತ್ತು ಮಧ್ಯಾಹ್ನ ಹಡಗಲಿಯಲ್ಲಿ ಊಟವಾದ ಮೇಲೆ ಗಂಗಾಧರ್ ಸರ್ ನನ್ನನ್ನು ಕರೆಸಿದರು. ಟೇಬಲ್ಲಿನ ಮೇಲೆ ನನ್ನ ಪುಸ್ತಕ, ಕೊನೆಯ ದಿನದ ಹಾಳೆ ತೆರೆದಿತ್ತು. ಹಡಗಲಿಯಿಂದ ಹೊಳಲು, ಅಲ್ಲಿಂದ ಸುತ್ತಿ ತೆಲಿಗಿ, ಗುಡ್ಡ, ಹರಪನಹಳ್ಳಿ. ಸರ್ ಪೆನ್ನಿನಿಂದ ಒಂದೊಂದೇ ತೋರಿಸುತ್ತಾ ಹೋದರು. ಬಯಲಿನಲ್ಲಿ ಓಡಿದರೆ ಹಳದಿ ಅಂಗಿಯ ತಂಡ ಹಿಡಿಯುತ್ತದೆ. ಏರು ಮೂರೇ ಕಿಲೋಮೀಟರ್, ಅಲ್ಲಿ ಅವನು ಬಿಡಲ್ಲ. ಉಳಿದದ್ದು ಇಳಿಜಾರು. ಗುಡ್ಡದ ತಲೆಯಲ್ಲಿ ಗುರುಬಸವರಾಜನನ್ನು ಹಿಂದೆ ಇಟ್ಟುಕೊಂಡು ಹಂಪೇಶ್ ಹಾರಬೇಕು, ಏಳು ತಿರುವಿನಲ್ಲೂ ಬ್ರೇಕ್ ಮುಟ್ಟಬಾರದು. ಇಳಿದ ಮೇಲೆ ಊರಿಗೆ ಆರೇ ಕಿಲೋಮೀಟರ್. ಅಷ್ಟರಲ್ಲಿ ಯಾರೂ ಹಿಡಿಯಲಾರರು.

"ಏಳನೇ ತಿರುವು. 'ಒಣಗಿದ, ಸ್ವಚ್ಛ ರಸ್ತೆ, ಬ್ರೇಕ್ ಇಲ್ಲದೆ ಹೋಗಬಹುದು' ಅಂತ ಬರೆದೀರಿ. ಖರೆ ಏನಮ್ಮ?"

ಹಂಪೇಶ್ ಗೋಡೆಗೆ ಒರಗಿ ನಿಂತಿದ್ದ. ನನ್ನನ್ನು ನೋಡಲಿಲ್ಲ. ಆ ಸಾಲನ್ನೇ ನೋಡುತ್ತಿದ್ದ, ಬಾವಿಯೊಳಗೆ ನೋಡಿದ ಹಾಗೆ.

ಖರೆ ಸರ್ ಅಂದೆ. ಮೆಕ್ಕೆಜೋಳ ಎತ್ತಿ ಗುಡಿಸಲು ಊರಿನವರಿಗೆ ಹೇಳಿದ್ದೇನೆ, ಅಜ್ಜಿ ಮಾತು ಕೊಟ್ಟಿದ್ದಾಳೆ ಅಂದೆ.

ಹೊರಗೆ ಬಂದಾಗ ಅವನು ನೀರಿನ ಡ್ರಮ್ಮಿನ ಬಳಿ ಸೈಕಲ್ ತೊಳೆಯುತ್ತಿದ್ದ. ನಾನು ಹಾದು ಹೋಗುವಾಗ ತಲೆ ಎತ್ತದೇ ಹೇಳಿದ. "ಬೆರಳು ನನ್ನ ಮಾತು ಕೇಳಂಗಿಲ್ರಿ. ನಿಮ್ಮ ಆ ಒಂದು ಸಾಲಿನ ಮಾತು ಕೇಳಬಹುದು. ಅದನ್ನ ನಂಬಿ ಬ್ರೇಕ್ ಬಿಡ್ತೀನಿ."

ಯಾರಾದರೂ ನನ್ನನ್ನು ನಂಬುತ್ತೇನೆ ಅಂದರೆ ಖುಷಿಯಾಗಬೇಕಿತ್ತು. ನಾನು ಹೋಗಿ ಆ ಸಾಲನ್ನೇ ಮತ್ತೆ ಮತ್ತೆ ಓದಿದೆ.

ಸಂಜೆ ಅಜ್ಜಿಗೆ ಫೋನ್ ಮಾಡಿದೆ. ಕಾಳು ಎತ್ತಿದರಾ, ಗುಡಿಸಿದರಾ ಅಂತ ಮೂರು ಸಲ ಕೇಳಿದೆ. ಎಲ್ಲ ಆಗೈತಿ ಅಂದಳು. ಆಮೇಲೆ ದನಿ ತಗ್ಗಿಸಿ, ಆ ಹುಡುಗ ಮುಂದೆ ಬರ್ತಾನಾ ಹಿಂದೆ ಬರ್ತಾನಾ ಅಂತ ಕೇಳಿದಳು. ಯಾವ ಹುಡುಗ ಅಂದೆ. ಹುಣಸೆಮರದ ಕೆಳಗೆ ನೀರು ಕುಡಿಯೋ ಹುಡುಗ ಅಂದಳು. ನನ್ನ ಕೆನ್ನೆ ಬಿಸಿಯಾಯಿತು. ಬಾಯಿ ಜಾರಿ, ಎಲ್ಲರಿಗಿಂತ ಮುಂದೆ ಬರ್ತಾನೆ, ನೀಲಿ ಅಂಗಿ, ಮೊದಲ ಸಲ ನಿಮ್ಮೆಲ್ಲರ ಎದುರಿಗೆ ಬರ್ತಾನೆ ಅಂದುಬಿಟ್ಟೆ. ಅಜ್ಜಿ ನಕ್ಕು ಫೋನ್ ಇಟ್ಟಳು.

ಆ ನಗುವಿಗೆ ನಾನು ಹೆದರಬೇಕಿತ್ತು.

*

ಮರುದಿನ ಸ್ಕೂಟಿ ಹತ್ತಿ ಕೊನೆಯ ಸಲ ದಾರಿ ನೋಡುತ್ತಾ ಬಂದೆ. ಗುಡ್ಡದ ಮೇಲೆ ಗಾಳಿಫ್ಯಾನುಗಳು ಬಿಳಿ ತೋಳು ಬೀಸುತ್ತಿದ್ದವು. ಒಂದು, ಎರಡು, ಮೂರು, ತಿರುವುಗಳೆಲ್ಲ ಒಣಗಿದ್ದವು. ಆರು ಇಳಿದೆ. ಹತ್ತೂ ಮುಕ್ಕಾಲು. ರೇಸು ಬರಲು ಇನ್ನೂ ಅರ್ಧ ಗಂಟೆ.

ಏಳನೆಯದಕ್ಕೆ ಬಂದು ನಿಂತವಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಎಷ್ಟು ಚೆಂದವಿತ್ತು ಅಂದರೆ ಕಣ್ಣು ತುಂಬಿತು. ಆಮೇಲೆ ಅದೆಲ್ಲ ಇನ್ನೂ ಹಸಿ ಅಂತ ಕಂಡಿತು.

ಒಂದು ಕಾಳೂ ಇರಲಿಲ್ಲ. ಕಾಳಿದ್ದ ಜಾಗವನ್ನೆಲ್ಲ ಗುಡಿಸಿ, ಈ ತುದಿಯಿಂದ ಆ ತುದಿಗೆ, ಸುಗ್ಗಿಗೆ ಕಣ ಸಾರಿಸಿದ ಹಾಗೆ ಸಗಣಿ ನೀರಲ್ಲಿ ದಟ್ಟಗೆ ಸಾರಿಸಿದ್ದರು. ಹಸಿರು ಬಣ್ಣ ಹೊಳೆಯುತ್ತಿತ್ತು. ಅದರ ಮೇಲೆ ಬಿಳಿ ರಂಗೋಲಿ. ಮಾರುದ್ದದ ತಾವರೆ, ಎಸಳಿಗೆ ಅರಿಶಿನ, ಕುಂಕುಮ. ಆಚೆ ಬದುವಿನ ಮೇಲೆ ಊರಿನ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ನಿಂತಿದ್ದರು. ಮುಂದೆ ಅಜ್ಜಿ, ಕೈಯಲ್ಲಿ ಆರತಿ ತಟ್ಟೆ.

ಇಳಿದು ಚಪ್ಪಲಿ ಊರಿದೆ. ಸರ್ರನೆ ಜಾರಿತು. ಸ್ಕೂಟಿ ಹಿಡಿದುಕೊಂಡಿರದಿದ್ದರೆ ಬೀಳುತ್ತಿದ್ದೆ.

"ಯಾರಜ್ಜಿ ಇದನ್ನ ಮಾಡು ಅಂದೋರು?"

ಅಜ್ಜಿಯ ಮುಖ ಇನ್ನೂ ನಗುತ್ತಿತ್ತು. "ನೀನೇ ಅಂದ್ಯಲ್ಲ, ಮೊದಲ ಸಲ ಬರ್ತಾನ ಅಂತ. ಮೊದಲ ಸಲ ಬರೋನ್ನ ಧೂಳಾಗ ಬರಮಾಡ್ಕೊಳ್ಳಾಕ ಆಕ್ಕತೇನು? ಆರಿಹೋಗ್ಬಾರ್ದು ಅಂತ ಈಗಷ್ಟೇ ಸಾರಿಸೀವಿ."

ಈಗಷ್ಟೇ. ಅರವತ್ತೈದು ಕಿಲೋಮೀಟರ್ ವೇಗ, ಕೂದಲೆಳೆಯಂಥ ಗಾಲಿ, ಸೊಂಟದಲ್ಲಿ ಕಬ್ಬಿಣ. ಬ್ರೇಕ್ ಬಿಡು ಅಂದವಳು ನಾನು. ಸಾರಿಸುವಂತೆ ಮಾಡಿದ್ದೂ ನನ್ನ ಬಾಯಿಯೇ.

ಅಜ್ಜಿಗೆ ಎರಡೇ ಮಾತಲ್ಲಿ ಹೇಳಿದೆ, ಇದರ ಮೇಲೆ ಸೈಕಲ್ ಬಂದರೆ ಅವನು ಬೀಳುತ್ತಾನೆ, ಬಿದ್ದರೆ ಏಳುವುದಿಲ್ಲ. ತಟ್ಟೆ ಹಿಡಿದ ಅವಳ ಕೈ ಅಲ್ಲೇ ನಿಂತಿತು. ದೀಪ ಅಲುಗಿತು. ಅಷ್ಟು ವಯಸ್ಸಾದ ಮುಖ ಹಾಗೆ ಬಿಳಿಚುವುದನ್ನು ನಾನು ನೋಡಿರಲಿಲ್ಲ.

ತಿರುವಿಗೆ ಹಾಕಿದ್ದ ಹೋಂಗಾರ್ಡ್ ಯರ್ರೆಪ್ಪಣ್ಣನ ಹತ್ತಿರ ವಾಕಿಟಾಕಿ ಇತ್ತು. ಅದರತ್ತ ಓಡಿದವಳು ನಡುವೆ ನಿಂತೆ. ನನ್ನ ಮೊಬೈಲಿನಲ್ಲಿ ಗಂಗಾಧರ್ ಸರ್ ನಂಬರ್ ಇತ್ತು. ಅವರಿಗೊಬ್ಬರಿಗೇ ಹೇಳಿದರೆ ಹಂಪೇಶ್ ಉಳಿಯುತ್ತಾನೆ, ತಂಡವೂ ಗೆಲ್ಲುತ್ತದೆ. ವಾಕಿಟಾಕಿಯಲ್ಲಿ ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲರೂ ಬ್ರೇಕ್ ಹಿಡಿಯುತ್ತಾರೆ, ಇಳಿಜಾರನ್ನೇ ನಂಬಿದ ಅವರ ಲೆಕ್ಕ ಮುರಿಯುತ್ತದೆ. ಅವನ ನೌಕರಿಯೂ ಹೋಗಬಹುದು.

ಅರೆನಿಮಿಷ ಹಾಗೆ ನಿಂತಿದ್ದೆ. ಆ ಅರೆನಿಮಿಷದ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ. ಹಿಂದೆ ಬರುವ ಎಂಬತ್ತು ಹುಡುಗರಿಗೂ ಮೂಳೆ ಇದ್ದವಲ್ಲ.

ವಾಕಿಟಾಕಿಯಲ್ಲಿ ಹೇಳಿದೆ. ಸವಾರರ ಕಿವಿಗೆ ರೇಡಿಯೊ ಇರಲಿಲ್ಲ, ಈ ರೇಸಿನಲ್ಲಿ ಬಿಡುವುದಿಲ್ಲ. ಹಲಗೆ ಹಿಡಿದ ಒಂದು ಬೈಕ್ ಮಾತ್ರ ಅವರ ಪಕ್ಕ ಓಡಿ ಬರೆದು ತೋರಿಸುತ್ತದೆ. ಗುಡ್ಡದ ತಲೆಯಲ್ಲಿ ತೋರಿಸುತ್ತೇವೆ, ಎಷ್ಟು ಜನ ನೋಡುತ್ತಾರೋ ಗೊತ್ತಿಲ್ಲ ಅಂದರು ರೇಸು ನಡೆಸುವವರು. ರೇಸು ಹತ್ತಿರ ಬಂದುಬಿಟ್ಟಿತ್ತು, ನಿಲ್ಲಿಸಲು ಆಗುವುದಿಲ್ಲ ಅಂದರು.

ಹಿಂತಿರುಗಿ ನೋಡಿದರೆ ಹೊಸ ಸೀರೆಯ ಹೆಂಗಸರೆಲ್ಲ ನೆಲಕ್ಕೆ ಕೂತಿದ್ದರು. ಗೋಣಿಚೀಲ, ಹಳೇ ಸೀರೆ, ಟವೆಲ್ಲು, ಕೈಗೆ ಸಿಕ್ಕಿದ್ದರಲ್ಲಿ ಒರೆಸುತ್ತಿದ್ದರು. ತಿರುವಿನ ಹೊರಬದಿಯಲ್ಲಿ ಹುಣಸೆಮರದ ನೆರಳು, ಅಲ್ಲಿ ಹಸಿ ಆರುತ್ತಲೇ ಇರಲಿಲ್ಲ. ಒಳಬದಿಗೆ ಬಿಸಿಲಿತ್ತು. ಅದನ್ನಷ್ಟೇ ಒಣಗಿಸಿ ಅಂತ ಕೂಗಿದೆ. ಗೋಣಿ ನೀರು ಹೀರಲಿಲ್ಲ, ಬರೀ ಹರಡಿತು. ಅಜ್ಜಿ ಮನೆಗೆ ಹೋಗಿ ತನ್ನ ಕರಿ ಕಂಬಳಿ ತಂದಳು. ನೆಲಕ್ಕೆ ಇಡಲು ಯಾರನ್ನೂ ಬಿಡದ ಕಂಬಳಿ, ನಾನು ಮುಖ ಮುಚ್ಚಿಕೊಳ್ಳುತ್ತಿದ್ದ ಕಂಬಳಿ. ಅದನ್ನು ಸಗಣಿಯ ಮೇಲೆ ಹಾಸಿ, ಮೊಣಕಾಲೂರಿ, ಎರಡೂ ಕೈಯಿಂದ ಒತ್ತಿದಳು. ಉಣ್ಣೆ ಹೀರಿತು. ಎತ್ತಿ ಹಿಂಡಿ ಮತ್ತೆ ಹಾಸಿದಳು.

ಮೂರು ಮೊಳದಷ್ಟು ಅಗಲ ಒಣಗಿತು. ಅಷ್ಟೇ. ಒಳಬದಿಯ ಕಲ್ಲಿನ ಒಡ್ಡಿಗೆ ಹೊಂದಿಕೊಂಡು, ಸೀರೆಯ ಅಂಚಿನಂತೆ ಒಂದು ಪಟ್ಟಿ.

ಯರ್ರೆಪ್ಪಣ್ಣನ ವಾಕಿಟಾಕಿ ಗೊರಗೊರ ಅಂತು. ಗುಡ್ಡದ ತಲೆ ದಾಟಿದ್ದಾರೆ. ಇಬ್ಬರು ಮುಂದೆ, ನೀಲಿ ಅಂಗಿ.

*

ಹೊರಬದಿಯಲ್ಲಿ ಹುಣಸೆಮರ.

ಅದು ಆಗ ಹೊಳೆಯಿತು. ಎರಡು ತಿಂಗಳು ಆರನೇ ತಿರುವು ದಾಟಿದೊಡನೆ ಅವನ ಕಣ್ಣು ಹೋಗುತ್ತಿದ್ದದ್ದು ಆ ಮರದ ಬುಡಕ್ಕೆ. ಅಲ್ಲಿ ನಾನು ಇರುತ್ತಿದ್ದೆ. ಇವತ್ತೂ ಅಲ್ಲಿಗೇ ಹೋಗುತ್ತವೆ. ಕಣ್ಣು ಹೋದಲ್ಲಿಗೆ ಸೈಕಲ್ಲು.

ಹೆಂಗಸರನ್ನೆಲ್ಲ ಹಿಂದಕ್ಕೆ ಕಳಿಸಿದೆ. ಯರ್ರೆಪ್ಪಣ್ಣ ಮೇಲೆ ಹಳದಿ ಬಾವುಟ ಹಿಡಿದು ನಿಂತ. ನಾನು ತಿರುವಿನ ಆ ಕೊನೆಗೆ ಓಡಿ, ಒಣಗಿದ ಪಟ್ಟಿ ಮುಗಿಯುವಲ್ಲಿ, ಒಡ್ಡಿಗೆ ಬೆನ್ನು ಹಚ್ಚಿ ನಿಂತೆ. ರಸ್ತೆಗೂ ನನಗೂ ಒಂದು ಮೊಳ. ಅಜ್ಜಿ ಬದುವಿನಿಂದ ಬಾ ಹಿಂದಕ್ಕೆ ಅಂತ ಕೂಗಿದಳು. ಕೇಳಿಸಿತು. ಕಾಲು ಏಳಲಿಲ್ಲ, ಧೈರ್ಯದಿಂದಲ್ಲ. ಹೆದರಿಕೆಗೆ ಹೂತುಹೋಗಿದ್ದವು.

ಸುಯ್ ಅನ್ನುವ ಸದ್ದು.

ಆರನೇ ತಿರುವಿನಿಂದ ಅವನು ಹೊರಬಂದ. ತಲೆ ತಗ್ಗಿ, ಬೆನ್ನು ಬಿಲ್ಲಿನಂತೆ. ಅವನ ಹಿಂದಿನ ಗಾಲಿಗೆ ಅಂಟಿದಂತೆ ಗುರುಬಸವರಾಜ. ಬಾವುಟ ದಾಟಿದರು. ಅವನು ಮುಖ ಎತ್ತಿದ. ಕಣ್ಣು ಮರದ ಕಡೆ ಹೋದವು. ಅಲ್ಲಿ ನಾನಿಲ್ಲ. ಅಲ್ಲಿ ಹಸಿರು ಹೊಳಪು, ಬಿಳಿ ತಾವರೆ. ಅಲ್ಲಿ ಕೂತು ಯಾರೋ ತಲೆ ಬಾಚಿಕೊಳ್ಳುತ್ತಿದ್ದಾರೆ ಅಂತ ನನಗೆ ಅನ್ನಿಸಿತು, ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ.

ಅವನ ಹೆಸರು ಕೂಗಬೇಕೆಂದೆ. ಬಾಯಿ ತೆರೆಯಲು ಹೊತ್ತಿರಲಿಲ್ಲ. ಕಣ್ಣು ಮಾತ್ರ ನನ್ನ ಮಾತು ಕೇಳಿದವು. ಜೀವಮಾನದಲ್ಲಿ ಮೊದಲ ಸಲ ನಾನು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ನೆಲ ನೋಡಲಿಲ್ಲ. ಇಲ್ಲಿ ನೋಡು, ನನ್ನನ್ನ ನೋಡು, ಬೇರೆ ಏನೂ ನೋಡಬೇಡ.

ಅವನ ನೋಟ ಮರದಿಂದ ಕಿತ್ತು ಬಂತು. ರಸ್ತೆಯ ಮೇಲೆ ಹುಡುಕಿತು. ನನಗೆ ಸಿಕ್ಕಿತು.

ಸಿಕ್ಕಿದ್ದು ಕಾಲು ಕ್ಷಣವೂ ಇಲ್ಲ. ಆದರೆ ಆ ಕಾಲು ಕ್ಷಣದಲ್ಲಿ ಅವನ ಕಣ್ಣಿನ ಬಣ್ಣ ಜೇನಿನದು ಅಂತ ನನಗೆ ಗೊತ್ತಾಯಿತು, ಎರಡು ತಿಂಗಳಲ್ಲಿ ಗೊತ್ತಾಗದೇ ಇದ್ದದ್ದು. ಅವನ ಭುಜ ನನ್ನ ಕಡೆ ವಾಲಿತು. ಸೈಕಲ್ಲು ಒಳಗೆ ಬಂತು. ಗಾಲಿ ರಂಗೋಲಿಯ ಒಂದು ಎಸಳನ್ನು ತುಳಿಯಿತು, ಅದುರಿತು, ಅದುರಿ ಒಣಪಟ್ಟಿಗೆ ಏರಿತು. ಗಾಳಿ ನನ್ನ ಮುಖಕ್ಕೆ ಬಡಿಯಿತು. ಅದರಲ್ಲಿ ಬೆವರಿನ, ರಬ್ಬರಿನ ವಾಸನೆ ಇತ್ತು.

ಹೋದ.

ಹಿಂದಿನವರೆಲ್ಲ ಹಲಗೆ ನೋಡಿದ್ದರು, ಬ್ರೇಕ್ ಹಿಡಿದು ಇರುವೆ ಸಾಲಿನಂತೆ ಒಳಬದಿಯಲ್ಲೇ ಹಾದರು. ಒಬ್ಬನ ಹಿಂದಿನ ಗಾಲಿ ಜಾರಿತು, ಕಾಲೂರಿ ನಿಂತು ಮತ್ತೆ ಹತ್ತಿದ. ಯಾರೂ ಬೀಳಲಿಲ್ಲ. ಕೊನೆಯ ಕಾರು ಹೋದ ಮೇಲೆ ನಾನು ಒಡ್ಡಿನ ಬುಡದಲ್ಲೇ ಕುಸಿದು ಕೂತೆ. ಅಜ್ಜಿ ಬಂದು, ಸಗಣಿಯ ಕೈಯಲ್ಲೇ ನನ್ನ ತಲೆ ತಬ್ಬಿದಳು.

*

ಸಂಜೆ ನಾಲ್ಕರ ಹೊತ್ತಿಗೆ ಅವನು ಬಂದ. ಹರಪನಹಳ್ಳಿ ಕಡೆಯಿಂದ, ಈ ಸಲ ನಿಧಾನಕ್ಕೆ, ಒಂದು ಕೈ ಬಿಟ್ಟು. ಕಾಲ ಮೇಲೆ ಸಗಣಿಯ ಚುಕ್ಕಿ ಒಣಗಿದ್ದವು. ನಾನು ಮರದ ಕೆಳಗೆ ಕೂತು ಪುಸ್ತಕದಲ್ಲಿ ಏನೂ ಬರೆಯದೆ ಇದ್ದೆ.

ಅಷ್ಟರಲ್ಲಿ ಸುದ್ದಿ ಗೊತ್ತಾಗಿತ್ತು. ಗುರುಬಸವರಾಜ ಅವತ್ತಿನ ಓಟ ಗೆದ್ದಿದ್ದ, ಹಳದಿ ಅಂಗಿಯವನಿಗಿಂತ ಏಳು ಸೆಕೆಂಡ್ ಮುಂದೆ. ಬೇಕಾಗಿದ್ದದ್ದು ಒಂಬತ್ತಕ್ಕಿಂತ ಹೆಚ್ಚು. ಎರಡು ಸೆಕೆಂಡಿಗೆ ರೇಸು ಹೋಗಿತ್ತು.

ಅವನು ಸೈಕಲ್ ಒರಗಿಸಿ, ಒಂದು ಮಾರು ದೂರ ಕೂತ. ಮೇಲೆ ಹಲಗೆ ನೋಡಿದ್ದೆ ಅಂದ. ಏಳನೇ ತಿರುವು ಹಸಿ, ಒಳಬದಿ ಹಿಡಿಯಿರಿ ಅಂತ ಇತ್ತಂತೆ.

"ಹಲಗಿ ಮ್ಯಾಲಿಂದು ಒಂದು, ಪುಸ್ತಕದಾಗ ನೀವು ಬರೆದದ್ದು ಒಂದು. ಯಾವುದನ್ನ ನಂಬ್ಲಿ ಅಂತ ಆರು ತಿರುವು ಇಳಿದ್ನಿ. ಆಮ್ಯಾಲೆ ನೀವು ಕಂಡ್ರಿ."

ನನ್ನ ಸಾಲೇ ಸುಳ್ಳಾಯಿತಲ್ಲ ಅಂದೆ. ಯಾಕೆ ಸುಳ್ಳಾಯಿತು, ಯಾರ ಬಾಯಿಂದ ಆಯಿತು, ಅಜ್ಜಿ ಯಾರಿಗಾಗಿ ಸಾರಿಸಿದಳು, ಎಲ್ಲ ಹೇಳಿದೆ. ಹೇಳುತ್ತಾ ನೆಲ ನೋಡುತ್ತಿದ್ದೆ, ಆಮೇಲೆ ನೆನಪಾಗಿ ಕಣ್ಣೆತ್ತಿದೆ. ಅವನು ಬಾಟಲಿಯ ಮುಚ್ಚಳ ನೋಡುತ್ತಿರಲಿಲ್ಲ.

ಗಂಗಾಧರ್ ಸರ್ ಕೇಳಿದರಂತೆ, ಏಳನೇ ತಿರುವಿನಲ್ಲಿ ಬ್ರೇಕ್ ಹಿಡಿದೆಯಾ ಅಂತ. ಇವನು ಹೌದು ಅಂದನಂತೆ. ಹೋದ ವರ್ಷದಿಂದ ಬೆರಳು ಮಾಡುವುದನ್ನೂ ಹೇಳಿಬಿಟ್ಟನಂತೆ, ಎಲ್ಲರ ಎದುರಿಗೆ. ಸರ್ ಸೋಮವಾರ ಬಾ ಮಾತಾಡೋಣ ಅಂದರಂತೆ.

ತೆಗೆದುಹಾಕುತ್ತಾರಾ ಅಂದೆ. ಗೊತ್ತಿಲ್ಲ ಅಂದ. ಹೆದರಿಕೆ ಆಗ್ತೈತಾ ಅಂದೆ.

"ಆಗತೈತಿ." ಅಡಗಿಸದೆ, ನಗದೆ ಹೇಳಿದ. "ತಿರುವಿನಾಗೂ ಆತು. ಹೆದರಿಕಿ ಹೋಗ್ಲಿಲ್ಲ, ಅದನ್ನ ಕಟ್ಟಿಗೊಂಡೇ ತಿರುಗಿದ್ನಿ. ಆದ್ರ ಬ್ರೇಕ್ ಹಿಡಿದಿದ್ದು ನನ್ನ ಸೊಂಟಕ್ಕಲ್ಲ."

"ಮತ್ತೆ?"

"ನೀವು ಭಾಳ ಹತ್ರ ನಿಂತಿದ್ರಿ. ಜಾರಿದ್ರ ನಿಮ್ಮ ಮ್ಯಾಲೇ ಬರ್ತಿದ್ನಿ. ಎರಡು ಬೆರಳು, ಒಂದೇ ಸಲ."

ಎರಡು ಸೆಕೆಂಡು. ಒಂದು ತಂಡ, ನಾಲ್ಕು ದಿನ, ಐದು ತಾಲೂಕು, ಎಲ್ಲವನ್ನೂ ಆ ಎರಡು ಬೆರಳು ನನ್ನ ಪಕ್ಕದಲ್ಲಿ ಇಳಿಸಿ ಹೋಗಿದ್ದವು. ಅಳು ಬರುತ್ತದೆ ಅಂದುಕೊಂಡೆ. ಬಂದದ್ದು ಮಾತು.

"ಆ ಎರಡು ಸೆಕೆಂಡು ನನ್ನವು. ವಾಪಸ್ ಕೊಡಲ್ಲ."

"ಕೇಳಾಕ ಬಂದಿಲ್ಲ ಅರ್ಚನಾ" ಅಂದ. ಮೇಡಂ ಅನ್ನಲಿಲ್ಲ. ಹೆಸರು ಹೇಳುವಾಗ ಅವನ ದನಿ ನಡುಗಿತು. ಮೊದಲ ದಿನ ಬೆರಳು ನಡುಗಿದಂತೆಯೇ. "ಇನ್ನು ನಾನು ಎಲ್ಲಿ ತುಳಿದ್ರೂ ತಿರುವಿನಾಗ ನೀನೇ ಕಾಣ್ತಿ. ಅದನ್ನ ಹೇಳ್ಬೇಕು ಅಂತ ಬಂದ್ನಿ. ಬ್ಯಾಡ ಅಂದ್ರ ಹೋಗ್ತೀನಿ."

ನಾನು ಹೋಗು ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ನೋಡಿದೆ, ಅವನೇ ಮೊದಲು ತಲೆ ತಗ್ಗಿಸುವವರೆಗೂ ನೋಡಿದೆ. ಕಿವಿಯ ಹಿಂದೆ ಬಿಸಿಲು ಬಿದ್ದದ್ದು ಈ ಸಲ ಅವನಿಗೆ.

ಅಜ್ಜಿ ಅದೇ ತಟ್ಟೆ ಹಿಡಿದು ಬಂದಳು, ದೀಪ ಮತ್ತೆ ಹಚ್ಚಿದ್ದಳು. ಬೆಳಿಗ್ಗೆ ನಿಲ್ಲದೇ ಹೋದೆಯಲ್ಲಪ್ಪ ಅಂತ ಗದರಿ, ಅವನನ್ನು ಎಬ್ಬಿಸಿ, ಆರತಿ ಎತ್ತಿದಳು. ಬೇಲಿಯ ಮೇಲೆ ಕಂಬಳಿ ತೊಳೆದು ಹರವಿತ್ತು, ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಮೆಲ್ಲಗೆ ಕೇಳಿದೆ, ಆ ಕಥೆಯಲ್ಲಿ ಹೆಂಡತಿ ಕೊನೆಗೆ ಏನು ಮಾಡಿದಳಜ್ಜಿ?

"ನಿದ್ದಿ ಮಾಡ್ದಿದ್ರ ಅವತ್ತೇ ಗೊತ್ತಾಕ್ಕಿತ್ತು. ಇವತ್ತು ನೀ ನಿಂತಂಗ ನಿಂತ್ಲು" ಅಂದಳು. ಅವನ ಹಣೆಗೆ ಕುಂಕುಮ ಇಟ್ಟು, ರೊಟ್ಟಿ ಆರ್ತಾವೆ ಬರ್ರಿ ಅಂತ ಮನೆ ಕಡೆ ನಡೆದಳು.

ಸೋಮವಾರಕ್ಕೆ ಇನ್ನೂ ಎರಡು ದಿನ ಇತ್ತು. ಹೆದರಿಕೆ ಇದ್ದೇ ಇತ್ತು, ಅವನದೂ, ನನ್ನದೂ. ಏಳುವ ಮುಂಚೆ ದಾರಿ ಪುಸ್ತಕ ತೆಗೆದು ಏಳನೇ ತಿರುವಿನ ಸಾಲನ್ನು ಗೀಟು ಹಾಕಿ ಹೊಡೆದೆ. ಮುಂದಿನ ವರ್ಷದ ಪುಸ್ತಕಕ್ಕೆ ಹೀಗೆ ಬರೆದುಕೊಂಡೆ.

ಕಣದ ತಿರುವು. ಒಳಬದಿ ಹಿಡಿಯಿರಿ. ಅಲ್ಲಿ ಒಬ್ಬಳು ನಿಂತಿರುತ್ತಾಳೆ.